ಖಾಲಿ ಎಂದು ಕೊಟ್ಟ ರೈಫಲ್

ಆ ಬೆಳಿಗ್ಗೆ ನಾನು ಸಿಟ್ಟಿನಲ್ಲೇ ವ್ಯಾನು ಹತ್ತಿದೆ. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ನಮ್ಮ ಫ್ಲ್ಯಾಟಿನ ಕೆಳಗೆ ಕಂಪನಿಯ ವ್ಯಾನು ಬಂದು ನಿಂತಿತ್ತು. ಚಾಲಕನ ಪಕ್ಕದಲ್ಲಿ ನಮ್ಮ ಬಡಗಿ ಆಚಾರ್ರು ಕೂತಿದ್ದರು. ಹಿಂದುಗಡೆ ಆರು ಗಟ್ಟಿ ಪೆಟ್ಟಿಗೆಗಳು, ಆರು ಬೇಟೆ ರೈಫಲ್‌ಗಳಿಗೆಂದು ಸಿದ್ಧಪಡಿಸಿದವು. ಆ ಪೆಟ್ಟಿಗೆಗಳ ಒಳಗಿನ ಫೋಮನ್ನು ನಾವು ರೈಫಲ್‌ಗಳನ್ನು ಕಣ್ಣಿಂದ ನೋಡದೆ, ಯಾರೋ ಕಳಿಸಿದ ಫೋಟೋ ನೋಡಿ ಕತ್ತರಿಸಬೇಕಾಗಿ ಬಂದಿತ್ತು. ನನ್ನ ಸಿಟ್ಟಿಗೆ ಕಾರಣ ಅದು. ಮಧ್ಯಾಹ್ನದ ಹೊತ್ತಿಗೆ ಅದು ಬಹಳ ಸಣ್ಣ ಕಾರಣವಾಗಿ ಹೋಯಿತು.

ನಮ್ಮ ಕಂಪನಿ ಇರುವುದು ದುಬೈಯ ಅಲ್ ಕೂಜ್‌ನಲ್ಲಿ. ಒಡೆಯುವ, ಬಾಗುವ, ಅಲುಗಿದರೆ ಕೆಡುವ ಸಾಮಾನುಗಳನ್ನು ವಿಮಾನಕ್ಕೆ ಹೊಂದುವಂತೆ ಪ್ಯಾಕ್ ಮಾಡುವುದು ನಮ್ಮ ಕೆಲಸ: ಸಂಗೀತ ವಾದ್ಯ, ಕ್ಯಾಮೆರಾ, ಆಸ್ಪತ್ರೆಯ ಉಪಕರಣ. ಬೇಟೆಯ ರೈಫಲ್‌ಗಳದ್ದು ಒಂದು ಸಣ್ಣ ವಿಭಾಗ. ಅದನ್ನು ನೋಡಿಕೊಳ್ಳುವವಳು ನಾನು. ನಾನು ಕೊಡಗಿನವಳು ಎಂದು ತಿಳಿದ ದಿನವೇ ಮ್ಯಾನೇಜರ್, "ಹಾಗಾದ್ರೆ ಗನ್ ಎಲ್ಲ ನಿಮಗೇ ಮೇಡಂ" ಎಂದು ಆ ವಿಭಾಗವನ್ನು ನನ್ನ ತಲೆಗೆ ಕಟ್ಟಿದ್ದರು. ಅವರು ಬೆಂಗಳೂರಿನವರು. ಅವರ ತಿಳಿವಳಿಕೆಯಲ್ಲಿ ಕೊಡಗಿನ ಹೆಂಗಸರು ಸೊಂಟಕ್ಕೆ ಕೋವಿ ಸಿಕ್ಕಿಸಿಕೊಂಡೇ ಅಡುಗೆ ಮಾಡುತ್ತಾರೆ. ಮನೆಯಲ್ಲಿ ಕೋವಿ ಇತ್ತು, ನಿಜ. ಅದನ್ನು ಮುಟ್ಟುವ ರೀತಿ ಅಪ್ಪನಿಂದ ಕಲಿತೆ. ಉಳಿದದ್ದನ್ನೆಲ್ಲ ವಿಮಾನ ಕಂಪನಿಗಳ ನಿಯಮ ಓದಿ, ಒಡೆದು ವಾಪಸ್ ಬಂದ ಸ್ಕೋಪ್‌ಗಳನ್ನು ಬಿಚ್ಚಿ ನೋಡಿ ಕಲಿತೆ.

ಈ ಕೆಲಸ ಬಂದದ್ದು ಬೇಟೆ ಪ್ರವಾಸಗಳನ್ನು ಏರ್ಪಡಿಸುವ ಒಂದು ಏಜೆನ್ಸಿಯ ಮೂಲಕ. ಅಬುಧಾಬಿಯ ಹೊರವಲಯದಲ್ಲಿ ತೋಟದ ಮನೆ ಇರುವ ಒಬ್ಬ ಹಿರಿಯ ಎಮಿರಾತಿ, ತನ್ನ ಮಕ್ಕಳು ಮತ್ತು ಸ್ನೇಹಿತರ ಜೊತೆ ಮಧ್ಯ ಏಷ್ಯಾದ ಬೆಟ್ಟಗಳಿಗೆ ಕಾಡು ಆಡಿನ ಬೇಟೆಗೆ ಹೊರಟಿದ್ದರು. ಅವರನ್ನು ಅವರ ಮನೆಯ ಕೆಲಸದವರು, ಏಜೆನ್ಸಿಯವರು ಎಲ್ಲರೂ ಅರ್ಬಾಬ್ ಎನ್ನುತ್ತಿದ್ದರು, ಅಂದರೆ ಯಜಮಾನರು. ಆರೂ ರೈಫಲ್‌ಗಳು ಅವರ ಹೆಸರಿನಲ್ಲೇ ಇದ್ದವು. ನಮಗೂ ಅವರಿಗೂ ನಡುವೆ ಇದ್ದವನು ಏಜೆನ್ಸಿಯ ಸಂಯೋಜಕ, ನಮ್ಮ ದೇಶದವನೇ, ಉತ್ತರದ ಕಡೆಯವನು.

ರೈಫಲ್‌ಗಳು ನಮ್ಮ ಗೋದಾಮಿಗೆ ಬರುವುದಿಲ್ಲ. ನಾವೇ ಯಜಮಾನರ ಮನೆಗೆ ಎರಡು ಸಲ ಹೋಗುತ್ತೇವೆ, ಅಳತೆಗೆ ಒಮ್ಮೆ, ಪ್ಯಾಕಿಂಗಿಗೆ ಇನ್ನೊಮ್ಮೆ. ಲೈಸೆನ್ಸ್ ಯಾರ ಹೆಸರಿನಲ್ಲಿದೆಯೋ ಅವರು ಎರಡು ಸಲವೂ ಎದುರಿಗಿರಬೇಕು. ಅಳತೆಯ ಭೇಟಿಯನ್ನು ಸಂಯೋಜಕ ರದ್ದು ಮಾಡಿ ಫೋಟೋ ಕಳಿಸಿದ. ನಾನು ಆಗುವುದಿಲ್ಲ ಎಂದೆ. ಮ್ಯಾನೇಜರ್ ನನ್ನನ್ನು ಕರೆಸಿದರು.

"ಮೇಡಂ, ಫೋಟೋ ಕಳ್ಸಿದಾರಲ್ಲ, ಸಾಕು ಬಿಡಿ. ಎರಡೆರಡು ಸಲ ಅಬುಧಾಬಿಗೆ ಹೋಗಿ ಬರೋಕೆ ಇದೇನು ಪಿಕ್ನಿಕ್ಕಾ?"

"ಸರ್, ಫೋಟೋದಲ್ಲಿ ಉದ್ದ ಕಾಣುತ್ತೆ. ಸ್ಕೋಪ್ ಎಷ್ಟು ಎತ್ತರಕ್ಕೆ ಕೂತಿದೆ ಅನ್ನೋದು ಕಾಣಲ್ಲ."

"ಅಡ್ಜಸ್ಟ್ ಮಾಡ್ಕೊಳಿ."

ಸ್ಕೋಪ್ ಎಂದರೆ ರೈಫಲ್‌ನ ಮೇಲೆ ಕೂರಿಸುವ ದೂರದರ್ಶಕ. ಅದರ ನೆತ್ತಿಯಲ್ಲೂ ಪಕ್ಕದಲ್ಲೂ ಗುರಿ ಹೊಂದಿಸುವ ತಿರುಪುಗಳಿರುತ್ತವೆ. ಪೆಟ್ಟಿಗೆಯ ಮುಚ್ಚಳ ಆ ತಿರುಪುಗಳನ್ನು ಒತ್ತುವಂತಿದ್ದರೆ, ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಒಮ್ಮೆ ಮೂಲೆಯ ಮೇಲೆ ಬಿದ್ದರೆ ಸಾಕು, ಗುರಿ ಕೂದಲೆಳೆಯಷ್ಟು ಸರಿಯುತ್ತದೆ. ಇಲ್ಲಿ ಕೂದಲೆಳೆ ಆದದ್ದು ಕಣಿವೆಯಾಚೆ ಮೊಳವಾಗುತ್ತದೆ. ಎದೆಗೆ ಹೋಗಬೇಕಾದ ಗುಂಡು ಹೊಟ್ಟೆಗೆ ಹೋಗಿ, ಪ್ರಾಣಿ ಬಂಡೆಗಳ ಸಂದಿಗೆ ನುಗ್ಗಿ ನರಳುತ್ತಾ ಸಾಯುತ್ತದೆ. ಅಡ್ಜಸ್ಟ್ ಎನ್ನುವವರಿಗೆ ಇದು ಯಾವುದೂ ಕಾಣುವುದಿಲ್ಲ, ಅವರು ಆ ಬೆಟ್ಟದಲ್ಲಿ ಇರುವುದಿಲ್ಲವಲ್ಲ.

ವ್ಯಾನಿನಲ್ಲಿ ಆಚಾರ್ರು ನನ್ನ ಮುಖ ನೋಡಿ ವಿಷಯ ತಿಳಿದುಕೊಂಡರು. ಅವರು ಬೆಳ್ತಂಗಡಿ ಕಡೆಯವರು, ಮರಗೆಲಸದ ಮನೆತನದವರು. ಜೆಬೆಲ್ ಅಲಿಯ ಕಂಪನಿ ವಸತಿಯಲ್ಲಿ ಇದ್ದರು. ಫೋಮ್ ಕೊರೆಯುವುದರಲ್ಲಿ ಅವರ ಕೈಯಂಥ ಕೈ ನಮ್ಮಲ್ಲಿ ಇನ್ನೊಂದಿರಲಿಲ್ಲ.

"ಮೇಡಂ, ಫೋಮ್ ಎಲ್ಲ ಕಡೆ ಒಂದು ಬೆರಳು ಹೆಚ್ಚೇ ಇಟ್ಟಿದ್ದೇನೆ. ಹೆಚ್ಚಿದ್ರೆ ಅಲ್ಲೇ ಕೆತ್ತಬಹುದು. ಕಡಿಮೆಯಾದ್ರೆ ಎಂತ ಮಾಡುದು? ನೀವು ತಲೆಬಿಸಿ ಮಾಡ್ಬೇಡಿ."

ತೋಟದ ಮನೆ ದೊಡ್ಡದು. ಖರ್ಜೂರದ ಮರಗಳ ಸಾಲು, ಆಚೆ ಒಂಟೆಗಳ ಆವರಣ, ಅದರಾಚೆ ಬರೀ ಮರಳು. ಅತಿಥಿಗಳನ್ನು ಕೂರಿಸುವ ಹಜಾರ, ಮಜ್ಲಿಸ್‌ಗೆ ಅಂಟಿಕೊಂಡ ಒಂದು ಕೋಣೆಯಲ್ಲಿ ಉದ್ದದ ಮೇಜಿನ ಮೇಲೆ ಕಂಬಳಿ ಹಾಸಿ, ಬಟ್ಟೆಯ ಚೀಲಗಳಲ್ಲಿದ್ದ ರೈಫಲ್‌ಗಳನ್ನು ಸಾಲಾಗಿ ಮಲಗಿಸಿದ್ದರು. ಅಲ್ಲಿ ಇದ್ದವನು ಸಂಯೋಜಕ ಒಬ್ಬನೇ. ಯಜಮಾನರಿಲ್ಲ.

"ಅರ್ಬಾಬ್ ಎಲ್ಲಿ?" ಎಂದು ಹಿಂದಿಯಲ್ಲಿ ಕೇಳಿದೆ.

"ಒಳಗಿದ್ದಾರೆ, ನೆಂಟರು ಬಂದಿದ್ದಾರೆ. ನಮಾಜ್ ಆದ ಮೇಲೆ ಬರುತ್ತಾರೆ. ನೀವು ಶುರು ಮಾಡಿ, ಸಂಜೆಯ ವಿಮಾನ."

"ಅವರು ಬಂದ ಮೇಲೆ ರೈಫಲ್ ತೆಗೆಯೋಣ. ಅಲ್ಲಿಯವರೆಗೆ ಪೆಟ್ಟಿಗೆ ಜೋಡಿಸುತ್ತೇವೆ."

ಅವನು ಮುಖ ಗಂಟಿಕ್ಕಿದ. ನಾವು ಪೆಟ್ಟಿಗೆಗಳನ್ನು ಒಳಗೆ ತಂದೆವು. ಬೀಗ ಹಾಕುವ ಪ್ರತಿ ಕಿವಿಯನ್ನೂ, ಮುಚ್ಚಳದ ಅಂಚಿನ ರಬ್ಬರನ್ನೂ, ಒಳಗಿನ ಗಾಳಿಯ ಒತ್ತಡ ಸರಿದೂಗಿಸುವ ಸಣ್ಣ ಕವಾಟವನ್ನೂ ಪರೀಕ್ಷಿಸಿದೆ. ಆ ಕವಾಟ ಕಟ್ಟಿಕೊಂಡರೆ ಇಳಿದ ಮೇಲೆ ಮುಚ್ಚಳ ತೆರೆಯುವುದೇ ಕಷ್ಟ, ಜನ ಚಾಕು ಹಾಕಿ ಎಬ್ಬಿಸಿ ಅಂಚು ಹಾಳು ಮಾಡುತ್ತಾರೆ.

ಅಷ್ಟರಲ್ಲಿ ಸಂಯೋಜಕನ ತಾಳ್ಮೆ ಮುಗಿಯಿತು. ನಾನು ಬೆನ್ನು ತಿರುಗಿಸಿ ಕವಾಟ ನೋಡುತ್ತಿದ್ದಾಗ ಅವನೇ ಒಂದು ಚೀಲದ ಜಿಪ್ ಎಳೆದು ರೈಫಲನ್ನು ಹೊರಗೆ ತೆಗೆದು ಕಂಬಳಿಯ ಮೇಲಿಟ್ಟ. ಯಜಮಾನರ ಕಿರಿ ಮಗ ಬಳಸುವ ರೈಫಲ್ ಅದು. ಮೇಲಿದ್ದದ್ದು ಹೊಸ ಸ್ಕೋಪ್, ಫೋಟೋದಲ್ಲಿ ಇದ್ದದ್ದಕ್ಕಿಂತ ಉದ್ದ, ದಪ್ಪ. ನಾನು ತಿರುಗುವಷ್ಟರಲ್ಲಿ ಆಚಾರ್ರು ಟೇಪು ಹಿಡಿದು ಮೇಜಿನ ತುದಿಗೆ ಬಗ್ಗಿದ್ದರು. ನಳಿಗೆಯ ಬಾಯಿಗೂ ಅವರ ಹೊಟ್ಟೆಗೂ ನಡುವೆ ಒಂದು ಅಂಗೈಯಷ್ಟು ಜಾಗವೂ ಇರಲಿಲ್ಲ.

"ಆಚಾರ್ರೇ, ಈಚೆ ಬನ್ನಿ," ಎಂದೆ. ನನ್ನ ದನಿ ಹೇಗಿತ್ತೋ, ಅವರು ಟೇಪನ್ನು ಅಲ್ಲೇ ಬಿಟ್ಟು ಗೋಡೆಯ ಬದಿಗೆ ಬಂದರು.

"ಬೋಲ್ಟ್ ತೆರೆದಿಲ್ಲ ಯಾಕೆ?" ಎಂದು ಸಂಯೋಜಕನನ್ನು ಕೇಳಿದೆ. ಬೋಲ್ಟ್ ಎಂದರೆ ಗುಂಡಿರುವ ತೋಟೆಯನ್ನು ಒಳಗೆ ತಳ್ಳಿ ನಳಿಗೆಯ ಹಿಂಬಾಗಿಲು ಮುಚ್ಚುವ ಉಕ್ಕಿನ ಅಗುಳಿ. ಅದು ತೆರೆದೇ ಇರಬೇಕು, ಅಥವಾ ರೈಫಲ್‌ನಿಂದ ಹೊರಗೆ ಇರಬೇಕು. ಮುಚ್ಚಿದ ಬೋಲ್ಟಿನ ರೈಫಲನ್ನು ನಾನು ಖಾಲಿ ಎಂದು ಎಣಿಸುವುದಿಲ್ಲ, ಯಾರು ಹೇಳಿದರೂ.

"ನಿನ್ನೆ ನಾನೇ ಚೆಕ್ ಮಾಡಿದ್ದೇನೆ ಮೇಡಂ. ಆರೂ ಖಾಲಿ. ಹೊಸ ಸ್ಕೋಪು, ಸುಮ್ಮನೆ ಆಡಿಸಬೇಡಿ."

ತೋಟದ ಕಡೆಗಿನ ಬಾಗಿಲು ತೆರೆದಿತ್ತು, ಹೊರಗೆ ಯಾರೂ ಇಲ್ಲದ ಮರಳಿನ ದಿಬ್ಬ. ಗುಂಡು ಹಾರಿಸುವ ಕುದುರೆಯ ಹತ್ತಿರ ಬೆರಳು ಸೋಕದಂತೆ ನಾನು ರೈಫಲ್ ಎತ್ತಿ, ನಳಿಗೆಯನ್ನು ಆ ದಿಬ್ಬದ ಬುಡಕ್ಕೆ ತಿರುಗಿಸಿ, ಬೋಲ್ಟನ್ನು ಮೇಲೆತ್ತಿ ಹಿಂದಕ್ಕೆ ಎಳೆದೆ. ಒಂದು ತೋಟೆ ಹೊರಗೆ ಹಾರಿ ರತ್ನಗಂಬಳಿಯ ಮೇಲೆ ಬಿದ್ದು ಉರುಳಿತು.

ಆಚಾರ್ರು ಆ ತೋಟೆಯನ್ನೇ ನೋಡುತ್ತಿದ್ದರು. ಆಮೇಲೆ ತಾವು ಬಗ್ಗಿ ನಿಂತಿದ್ದ ಜಾಗವನ್ನು ನೋಡಿದರು. ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ಗೋಡೆಗೆ ಒರಗಿದರು.

ಸಂಯೋಜಕ ಮೊದಲು ಮಾಡಿದ ಕೆಲಸ ಇದು: ಹೋಗಿ ಮಜ್ಲಿಸ್ ಕಡೆಯ ಬಾಗಿಲು ಹಾಕಿದ. ಎರಡನೆಯದು, ಬಗ್ಗಿ ತೋಟೆ ಎತ್ತಿಕೊಂಡು ಜೇಬಿಗೆ ಹಾಕಿಕೊಂಡ.

"ಅದನ್ನು ಮೇಜಿನ ಮೇಲೆ ಇಡಿ," ಎಂದೆ.

"ಖಲಾಸ್ ಮೇಡಂ. ಹೊರಗೆ ಬಂತಲ್ಲ, ಮುಗಿಯಿತು. ಇನ್ನು ಪ್ಯಾಕ್ ಮಾಡಿ."

"ಮೇಜಿನ ಮೇಲೆ ಇಡಿ. ಅರ್ಬಾಬ್‌ರನ್ನು ಕರೆಯಿರಿ."

ಅವನು ತೋಟೆಯನ್ನು ಮೇಜಿನ ಮೇಲಿಟ್ಟ. ಆದರೆ ಅರ್ಬಾಬ್‌ರನ್ನು ಕರೆಯುವ ಬದಲು ತನ್ನ ಫೋನಿನಲ್ಲಿ ನಮ್ಮ ಮ್ಯಾನೇಜರ್‌ಗೆ ಕರೆ ಮಾಡಿ, ಸ್ಪೀಕರ್ ಹಾಕಿ ತೋಟೆಯ ಪಕ್ಕದಲ್ಲೇ ಫೋನನ್ನೂ ಇಟ್ಟ. ಮೊದಲು ಅವನೇ ಮಾತಾಡಿದ. ಮೇಡಂ ಸಣ್ಣ ವಿಷಯ ದೊಡ್ಡದು ಮಾಡುತ್ತಿದ್ದಾರೆ, ವಿಮಾನ ತಪ್ಪುತ್ತದೆ, ಅಷ್ಟಕ್ಕೂ ನಿಮ್ಮ ಬಡಗಿ ಮೇಜಿನ ಸುತ್ತ ಓಡಾಡುತ್ತಿದ್ದ, ಅವನೇ ಏನೋ ಮುಟ್ಟಿರಬಹುದು. ಈ ಕೊನೆಯ ಮಾತನ್ನು ಅವನು ಬಹಳ ಸಲೀಸಾಗಿ, ಉಸಿರು ತೆಗೆದುಕೊಂಡಂತೆ ಹೇಳಿದ. ಆಚಾರ್ರಿಗೆ ಹಿಂದಿ ಬರುತ್ತದೆ. ಅವರು ತಲೆಯೆತ್ತಿದರು.

ಅತ್ತ ಕಡೆಯಿಂದ ಮ್ಯಾನೇಜರ್ ನನ್ನ ಜೊತೆ ಮಾತು ಶುರುಮಾಡಿದರು. ಭಾಷೆ ಬದಲಾಯಿಸಿದರು.

"ಮೇಡಂ, ಕನ್ನಡದಲ್ಲಿ ಹೇಳ್ತೀನಿ, ಅವ್ನಿಗೆ ಅರ್ಥ ಆಗಲ್ಲ. ಯಾರಿಗೂ ಏನೂ ಆಗಿಲ್ಲ ತಾನೇ? ಹಾಗಿದ್ರೆ ಮಾತು ಅಲ್ಲೇ ಮುಗಿಸಿ. ಒಂದು ವೇಳೆ ಕ್ಲೈಂಟ್ ಕಿವಿಗೆ ಬಿದ್ರೆ ಆಚಾರಿ ಹೆಸರು ಹೇಳಿ. ಗೊತ್ತಿಲ್ದೆ ಮುಟ್ಟಿದ, ತಪ್ಪಾಯ್ತು ಅನ್ನಿ. ಅವನನ್ನ ಊರಿಗೆ ಕಳಿಸಿಬಿಟ್ರೆ ಎಲ್ಲರೂ ಸುಮ್ನಾಗ್ತಾರೆ. ಏಜೆನ್ಸಿ ನಮ್ಮ ಕೈಬಿಟ್ರೆ ಕಷ್ಟ."

ಆಚಾರ್ರು ಕೋಣೆಯಲ್ಲಿ ಇರಬಹುದು ಎಂದು ಅವರಿಗೆ ಹೊಳೆಯಲೇ ಇಲ್ಲ. ಅಥವಾ ಹೊಳೆದರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಯಾವುದು ಹೆಚ್ಚು ಕೆಟ್ಟದ್ದು ಎಂದು ನಾನು ಇವತ್ತಿಗೂ ನಿರ್ಧರಿಸಿಲ್ಲ. ಈ ದೇಶದಲ್ಲಿ ಇನ್ನೊಬ್ಬರ ರೈಫಲ್‌ಗೆ ತೋಟೆ ತುಂಬಿದ ಎಂಬ ಮಾತು ಒಬ್ಬ ಕೆಲಸದವನ ಹೆಸರಿಗೆ ಅಂಟಿದರೆ ಅದು ಊರಿಗೆ ಕಳಿಸುವಲ್ಲಿಗೆ ಮುಗಿಯುವುದಿಲ್ಲ. ವಿಚಾರಣೆ ಎಂದು ಎಷ್ಟು ಕಾಲ ಎಲ್ಲಿ ಕೂರಬೇಕಾಗುತ್ತದೋ ಯಾರಿಗೆ ಗೊತ್ತು. ಅದು ಮ್ಯಾನೇಜರ್‌ಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಈ ಕೆಲಸವನ್ನು ಅವರು ನನ್ನ ಭಾಷೆಯಲ್ಲಿ, ನನ್ನ ಬಾಯಿಂದ ಮಾಡಿಸಲು ಹೊರಟಿದ್ದರು.

"ಸರ್, ನಾನು ಇನ್ನು ಒಂದು ಫೋಮ್ ತುಂಡನ್ನೂ ಮುಟ್ಟಲ್ಲ," ಎಂದೆ. "ಅರ್ಬಾಬ್ ಹತ್ರ ಹೋಗಿ ಆದದ್ದು ಆದ ಹಾಗೆ ಹೇಳ್ತೀನಿ."

"ಹೇಳಿದ್ರೆ ನಿಮ್ಮ ಕೆಲಸದ ಜವಾಬ್ದಾರಿ ನಾನು ತಗೊಳಲ್ಲ."

"ತಗೊಳ್ಬೇಡಿ."

ಫೋನನ್ನು ನಾನೇ ಒತ್ತಿ ಆರಿಸಿದೆ. ರೈಫಲ್‌ನಿಂದ ಬೋಲ್ಟನ್ನು ಪೂರ್ತಿ ಹೊರಗೆ ತೆಗೆದು ಬೇರೆ ಇಟ್ಟೆ. ಚಾಲಕನನ್ನು ಕರೆದು, ಯಾರಿಗೂ ಈ ಮೇಜು ಮುಟ್ಟಲು ಬಿಡಬೇಡ ಎಂದು ಬಾಗಿಲಲ್ಲಿ ನಿಲ್ಲಿಸಿದೆ. ಆಚಾರ್ರ ಕೈಯಲ್ಲಿ ನೀರಿನ ಬಾಟಲಿ ಕೊಟ್ಟು ಹೊರಗೆ ನೆರಳಲ್ಲಿ ಕೂರಿಸಿದೆ. ಅವರು ಕೇಳಿದ್ದು ಒಂದೇ ಮಾತು.

"ಮೇಡಂ, ನೀವು ನನ್ನ ಹೆಸರು ಹೇಳುದಿಲ್ಲ ಅಲ್ವಾ?"

ಅವರು ಹಾಗೆ ಕೇಳಬೇಕಾಗಿ ಬಂತಲ್ಲ ಎಂಬ ಸಿಟ್ಟು ನನಗೆ ತೋಟೆ ಕಂಡಾಗಿನದ್ದಕ್ಕಿಂತ ಹೆಚ್ಚು ಬಂತು.

ಯಜಮಾನರನ್ನು ಹೊರಗೆ ಕರೆಸುವುದು ಸುಲಭವಾಗಿರಲಿಲ್ಲ. ಮನೆಯ ಕೆಲಸದವನು ನೆಂಟರಿದ್ದಾರೆ ಎಂದು ಎರಡು ಸಲ ವಾಪಸ್ ಕಳಿಸಿದ. ಮೂರನೆಯ ಸಲ ನಾನು, ವಿಷಯ ಕಿರಿ ಮಗನ ರೈಫಲ್‌ನದ್ದು, ಪ್ರಾಣದ ಮಾತು ಎಂದು ಹೇಳಿ ಕಳಿಸಿದೆ. ಅವರು ಬಂದರು. ನರೆತ ಗಡ್ಡ, ಪಾದದವರೆಗಿನ ಬಿಳಿ ನಿಲುವಂಗಿ ಕಂದೂರ, ಮುಖದಲ್ಲಿ ಊಟದ ನಡುವೆ ಎಬ್ಬಿಸಿದ ಅಸಮಾಧಾನ. ಹಿಂದೆಯೇ ಸಂಯೋಜಕ ಧಾವಿಸಿ ಬಂದು ಅರಬ್ಬಿಯಲ್ಲಿ ಏನೋ ಹೇಳತೊಡಗಿದ. ನನಗೆ ಅರ್ಧ ಅರ್ಥವಾಯಿತು. ನಜ್ಜಾರ್ ಎಂಬ ಶಬ್ದ ಸ್ಪಷ್ಟವಾಗಿ ಕೇಳಿತು. ನಜ್ಜಾರ್ ಎಂದರೆ ಬಡಗಿ.

"ಅರ್ಬಾಬ್, ಮೊದಲು ನನ್ನ ಮಾತು ಕೇಳಿ," ಎಂದು ಇಲ್ಲಿಯ ಹಿಂದಿಯಲ್ಲಿ ಹೇಳಿದೆ. ಚೀಲದಿಂದ ರೈಫಲ್ ಯಾರು ತೆಗೆದರು, ಬೋಲ್ಟ್ ಹೇಗಿತ್ತು, ನಾನು ಎಲ್ಲಿಗೆ ತಿರುಗಿಸಿ ತೆರೆದೆ, ತೋಟೆ ಎಲ್ಲಿ ಬಿತ್ತು, ಅದನ್ನು ಯಾರು ಜೇಬಿಗೆ ಹಾಕಿಕೊಂಡರು. ಒಂದನ್ನೂ ಬಿಡಲಿಲ್ಲ, ಒಂದನ್ನೂ ಸೇರಿಸಲಿಲ್ಲ.

ಅವರು ಮೊದಲು ಬೈದದ್ದು ನನ್ನನ್ನೇ. "ನನ್ನನ್ನು ಕೇಳದೆ ನನ್ನ ಮಗನ ರೈಫಲ್ ಯಾಕೆ ಮುಟ್ಟಿದೆ?"

"ಅದರ ಎದುರಿಗೆ ನನ್ನ ಮನುಷ್ಯ ನಿಂತಿದ್ದ," ಎಂದೆ.

ಅವರು ಕೋಣೆಗೆ ನಡೆದು ಹೋಗಿ ಮೇಜಿನ ಮೇಲಿನ ತೋಟೆ ಎತ್ತಿಕೊಂಡು ಬಾಗಿಲ ಬೆಳಕಿಗೆ ಹಿಡಿದರು. ಬುಡ ನೋಡಿದರು, ತುದಿ ನೋಡಿದರು.

"ಇದು ನನ್ನದಲ್ಲ."

ಬೇಟೆಗೆ ಒಯ್ಯುವ ತೋಟೆಗಳನ್ನು ಅವರೇ ಆರಿಸಿ ತರಿಸಿದ್ದರು. ಅವುಗಳ ತುದಿಗೆ ಕೆಂಪು ಬಣ್ಣವಿತ್ತು. ಅವೆಲ್ಲ ಒಳಮನೆಯ ಕಬ್ಬಿಣದ ಕಪಾಟಿನಲ್ಲಿದ್ದವು, ಬೀಗದ ಕೈ ಅವರ ಬಳಿಯೇ ಇತ್ತು. ಕೈಯಲ್ಲಿದ್ದದ್ದರ ತುದಿ ಬರೀ ತಾಮ್ರ. ಗುರಿ ಅಭ್ಯಾಸದ ರೇಂಜಿನಲ್ಲಿ ಬಳಸುವಂಥದ್ದು.

"ನಿನ್ನೆ ಹೊಸ ಸ್ಕೋಪಿಗೆ ಗುರಿ ಹೊಂದಿಸಲು ರೇಂಜಿಗೆ ಯಾರು ಹೋದದ್ದು?" ಎಂದು ಸಂಯೋಜಕನನ್ನು ಕೇಳಿದರು. ಅವರು ಈ ಸಲ ಹಿಂದಿಯಲ್ಲೇ ಕೇಳಿದರು, ನಮಗೂ ತಿಳಿಯಲಿ ಎಂದೇ ಇರಬೇಕು.

"ನಾನು ಮತ್ತು ಚಿಕ್ಕ ಯಜಮಾನರು."

"ಮಗ ಬೇಗ ಮನೆಗೆ ಬಂದ. ಕೊನೆಗೆ ಹೊಡೆದದ್ದು ಯಾರು? ಚೀಲಕ್ಕೆ ಹಾಕಿದ್ದು ಯಾರು?"

ಸಂಯೋಜಕ ನೆಲ ನೋಡಿದ. ರೇಂಜು ಮುಚ್ಚುವ ಹೊತ್ತಾಗಿತ್ತು, ಅಲ್ಲಿಯವರು ಅವಸರ ಮಾಡಿದರು ಎಂದ. ಅವಸರದಲ್ಲಿ ನೋಡಲು ಮರೆತಿರಬಹುದು ಎಂದ. ಇಷ್ಟು ಹೊತ್ತು ನಮ್ಮ ಬಡಗಿಯ ಕೊರಳಿಗೆ ಕಟ್ಟುತ್ತಿದ್ದದ್ದನ್ನು ಈಗ ಅವಸರದ ಕೊರಳಿಗೆ ಕಟ್ಟಿದ.

ಯಜಮಾನರು ಆಚಾರ್ರನ್ನು ಕರೆಸಿ, "ನೀನು ಮುಟ್ಟಿದೆಯಾ?" ಎಂದು ಕೇಳಿದರು. "ಇಲ್ಲ ಅರ್ಬಾಬ್," ಎಂದರು ಆಚಾರ್ರು. ಯಜಮಾನರು ತಲೆಯಾಡಿಸಿದರು, ಅಷ್ಟೇ. ಕ್ಷಮಿಸು ಎನ್ನಲಿಲ್ಲ. ಏಜೆನ್ಸಿಯ ಪರವಾಗಿಯೂ ಯಾರೂ ಅನ್ನಲಿಲ್ಲ. ಸಂಯೋಜಕನಿಗೆ ಕೈಯಿಂದ ಬಾಗಿಲು ತೋರಿಸಿ ಖಲಾಸ್ ಎಂದರು. ಅವನ ಕಾರು ಮರಳೆಬ್ಬಿಸಿಕೊಂಡು ಹೋದದ್ದನ್ನು ನಾವು ಕಿಟಕಿಯಿಂದ ನೋಡಿದೆವು.

ಆಮೇಲೆ ಯಜಮಾನರು ಒಂದು ಕುರ್ಚಿ ಎಳೆದುಕೊಂಡು ಮೇಜಿನ ಪಕ್ಕ ಕೂತರು. "ಮೊದಲಿನಿಂದ ಮಾಡಿ. ನಾನು ಇಲ್ಲೇ ಇರುತ್ತೇನೆ. ವಿಮಾನ ನಾಳೆ ನೋಡೋಣ."

ಮೊದಲಿನಿಂದ ಮಾಡಿದೆವು. ಒಂದೊಂದೇ ರೈಫಲನ್ನು ಅವರೇ ಚೀಲದಿಂದ ತೆಗೆದು, ಮರಳಿನ ಕಡೆಗೆ ತಿರುಗಿಸಿ ಬೋಲ್ಟ್ ಹೊರಗೆಳೆದರು. ಅವರು ಹಿಂಬದಿಯಿಂದ ನಳಿಗೆಯೊಳಗೆ ನೋಡಿದರು, ಆಮೇಲೆ ನಾನು ನೋಡಿದೆ, ಆಮೇಲೆ ಆಚಾರ್ರಿಗೂ ತೋರಿಸಿದೆ. ಆಚೆ ತುದಿಯ ಬೆಳಕು ದುಂಡಗೆ ಕಂಡ ಮೇಲೆಯೇ ಮುಂದಿನ ಕೆಲಸ. ಬೋಲ್ಟುಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತಿ, ಯಾವುದು ಯಾವ ರೈಫಲ್‌ನದ್ದು ಎಂದು ಪಟ್ಟಿ ಕಟ್ಟಿ ಫೋಮಿನ ಬೇರೆ ಗೂಡಿನಲ್ಲಿಟ್ಟೆವು.

ಸ್ಕೋಪ್‌ಗಳನ್ನು ತೆಗೆಯುವುದು ಬೇಡ ಎಂದರು ಅವರು, ಗುರಿ ಹೊಂದಿಸಿ ಆಗಿದೆಯಲ್ಲ. ನಾಲ್ಕಕ್ಕೆ ನಾನು ಒಪ್ಪಿದೆ. ಅವುಗಳ ಸುತ್ತ ಆಚಾರ್ರು ಫೋಮನ್ನು ಎಷ್ಟು ನಾಜೂಕಾಗಿ ಕೆತ್ತಿದರೆಂದರೆ ರೈಫಲ್‌ನ ಭಾರವೆಲ್ಲ ಮರದ ಹಿಡಿಯ ಮೇಲೂ ನಳಿಗೆಯ ಮೇಲೂ ಕೂತಿತು, ಸ್ಕೋಪಿನ ತಿರುಪುಗಳು ಯಾವುದಕ್ಕೂ ತಾಗದೆ ಗಾಳಿಯಲ್ಲಿ ಉಳಿದವು. ಕಿರಿ ಮಗನದ್ದರಲ್ಲೂ, ಅಂಥದ್ದೇ ಹೊಸ ಉದ್ದದ ಸ್ಕೋಪ್ ಇದ್ದ ಇನ್ನೊಂದರಲ್ಲೂ ಅದು ಸಾಧ್ಯವಾಗಲಿಲ್ಲ, ಮುಚ್ಚಳ ಮುಚ್ಚಿದರೆ ಒತ್ತುತ್ತಿತ್ತು.

"ಇವೆರಡನ್ನು ಬಿಚ್ಚಲೇಬೇಕು ಅರ್ಬಾಬ್."

"ಗುರಿ ಹೋಗುತ್ತದೆ."

"ಬಿಚ್ಚಿದರೆ ಹೋಗುತ್ತದೆ, ನಿಮಗೆ ಗೊತ್ತಿರುತ್ತದೆ, ಅಲ್ಲಿ ಮತ್ತೆ ಹೊಂದಿಸಿಕೊಳ್ಳುತ್ತೀರಿ. ಹೀಗೇ ಒತ್ತಿ ಮುಚ್ಚಿದರೂ ಹೋಗುತ್ತದೆ, ಆಗ ನಿಮಗೆ ಗೊತ್ತಿರುವುದಿಲ್ಲ."

ಅವರು ಸ್ವಲ್ಪ ಯೋಚಿಸಿ, ಬಿಚ್ಚು ಎಂದರು. ಸ್ಕೋಪನ್ನು ಹಿಡಿದಿಡುವ ಬಳೆಗಳು ಕೂತಿದ್ದ ಜಾಗಕ್ಕೆ ಗುರುತಿನ ಅಂಟುಪಟ್ಟಿ ಹಾಕಿ, ತಿರುಪು ಎಷ್ಟು ಬಿಗಿ ಇತ್ತೆಂದು ಅಳೆದು ಅವರಿಗೆ ಬರೆದುಕೊಟ್ಟು, ಸ್ಕೋಪ್‌ಗಳ ಗಾಜಿಗೆ ಮುಚ್ಚಳ ಹಾಕಿ ಅವುಗಳನ್ನು ಪ್ರತ್ಯೇಕ ಗೂಡಿನಲ್ಲಿ ಮಲಗಿಸಿದೆ. ಆರರಲ್ಲಿ ಒಂದನ್ನೂ ಬಿಡದೆ ಅಲ್ಲಿ ಹೋದ ಕೂಡಲೇ ಮೊದಲು ಕಾಗದದ ಗುರಿಗೆ ಹೊಡೆದು ನೋಡಬೇಕು, ಆಮೇಲೆಯೇ ಪ್ರಾಣಿ ಎಂದೆ. ಚಳಿಯ ಜಾಗಕ್ಕೆ ಹೋದಾಗ ಪೆಟ್ಟಿಗೆಯನ್ನು ಬಿಸಿ ಕೋಣೆಯೊಳಗೆ ತಂದ ತಕ್ಷಣ ತೆರೆಯಬೇಡಿ, ಗಾಜಿನ ಮೇಲೆ ಬೆವರು ಕೂರುತ್ತದೆ ಎಂದೆ. ತೇವ ಹೀರುವ ಪೊಟ್ಟಣಗಳನ್ನು ಮೂಲೆಗಳಿಗೆ ಹಾಕಿದೆ.

ತೋಟೆಗಳನ್ನು ಪೆಟ್ಟಿಗೆಯ ಸಂದಿಯಲ್ಲೇ ಹಾಕಿ ಒಂದು ಲಗೇಜು ಉಳಿಸೋಣ ಎಂದು ಸಂಯೋಜಕ ಮೊದಲೇ ಹೇಳಿಟ್ಟಿದ್ದನಂತೆ. ಯಜಮಾನರು ಅದನ್ನು ಹೇಳಿದಾಗ ನಾನು ಬೇಡ ಎಂದೆ. ಅವು ಕಾರ್ಖಾನೆಯ ಡಬ್ಬಿಗಳಲ್ಲೇ, ಒಂದಕ್ಕೊಂದು ತಾಗದಂತೆ, ಬೇರೆಯೇ ಬೀಗದ ಪೆಟ್ಟಿಗೆಯಲ್ಲಿ, ವಿಮಾನ ಕಂಪನಿ ಒಪ್ಪಿದ ತೂಕದೊಳಗೆ ಹೋದವು. ಪ್ರತಿ ಪೆಟ್ಟಿಗೆಯ ಎಲ್ಲ ಕಿವಿಗಳಿಗೂ ಬೀಗ ಹಾಕಿ ಬೀಗದ ಕೈಗಳನ್ನು ಯಜಮಾನರ ಅಂಗೈಗೆ ಕೊಟ್ಟೆ. ಮರುದಿನ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಅಧಿಕಾರಿಗಳು ಕೇಳಿದಾಗ ಅವರೇ ತೆರೆದು ತೋರಿಸಿದರು. ತಕರಾರಿಲ್ಲದೆ ಹೋಯಿತು.

ಆ ಸಂಜೆ ಮನೆಯಲ್ಲಿ ಗಂಡನಿಗೆ ಎಲ್ಲ ಹೇಳಿದೆ. ಅವರು ಇಲ್ಲಿಯ ಆಸ್ಪತ್ರೆಯೊಂದರ ಕಚೇರಿಯಲ್ಲಿದ್ದಾರೆ. ಯಾರಿಗೂ ಏನೂ ಆಗಲಿಲ್ಲವಲ್ಲ, ಇನ್ನು ಬಿಟ್ಟುಬಿಡು ಎಂದರು. ಹೋಂವರ್ಕ್ ಮಾಡುತ್ತಿದ್ದ ಮಗಳು ತಲೆಯೆತ್ತದೆ, "ಬಟ್ ದೇ ಬ್ಲೇಮ್ಡ್ ಹಿಮ್, ಅಪ್ಪ," ಎಂದಳು.

ಅಲ್ ಕೂಜ್‌ಗೆ ಹೋದಾಗ ಮ್ಯಾನೇಜರ್ ತೋಟೆಯ ಮಾತೇ ಎತ್ತಲಿಲ್ಲ. ಏಜೆನ್ಸಿಯವರು ಬೇಸರ ಮಾಡಿಕೊಂಡಿದ್ದಾರೆ ಎಂದರು. ಆಚಾರ್ರನ್ನು ಜೆಬೆಲ್ ಅಲಿಯ ಗೋದಾಮಿಗೆ, ಯಂತ್ರದ ಬಿಡಿಭಾಗಗಳಿಗೆ ಮರದ ಕ್ರೇಟು ಹೊಡೆಯುವ ಕೆಲಸಕ್ಕೆ ಹಾಕಿಯಾಗಿತ್ತು. "ಅಲ್ಲಿ ಜನ ಬೇಕಿತ್ತು ಮೇಡಂ, ಅಷ್ಟೇ." ನಾನು ಅವರ ಮೇಜಿನ ಎದುರು ನಿಂತೇ ಹೇಳಿದೆ. ಆಚಾರ್ರು ವಾಪಸ್ ಬರುವವರೆಗೆ ರೈಫಲ್‌ನ ಕೆಲಸ ನಾನು ಮಾಡುವುದಿಲ್ಲ, ಮಾಡಿಸುವುದೂ ಇಲ್ಲ, ಕ್ಯಾಮೆರಾ ಬೇಕಾದರೆ ಕೊಡಿ. ಅವರು ನಕ್ಕರು. ಹೊಸಬರನ್ನು ಹುಡುಕಿದರು. ಬಂದವನೊಬ್ಬ ಬೋಲ್ಟ್ ಯಾವ ಕಡೆ ತೆರೆಯುತ್ತದೆ ಎಂದು ನನ್ನನ್ನು ಕೇಳಿದ. ಆಮೇಲೆ ಮ್ಯಾನೇಜರ್ ನಗಲಿಲ್ಲ. ಆ ವಿಭಾಗ ಹಾಗೇ ನಿಂತಿತು.

ಬೇಟೆ ಮುಗಿಸಿ ಬಂದ ಯಜಮಾನರು ನೇರವಾಗಿ ನಮ್ಮ ಕಚೇರಿಗೇ ಫೋನ್ ಮಾಡಿದರು. ಆರೂ ಸ್ಕೋಪ್‌ಗಳು ಸರಿಯಾಗಿ ತಲುಪಿದ್ದವಂತೆ, ಬಿಚ್ಚಿದ ಎರಡನ್ನು ಕೂರಿಸಿ ಕಾಗದಕ್ಕೆ ಹೊಡೆದು ಹೊಂದಿಸಿಕೊಂಡರಂತೆ. ಅವರ ತಮ್ಮಂದಿರ ರೈಫಲ್‌ಗಳೂ ಹೊರಡಲಿದ್ದವು. ಏಜೆನ್ಸಿ ನಡುವೆ ಬೇಡ, ಅದೇ ಹೆಂಗಸು, ಅದೇ ನಜ್ಜಾರ್ ಬರಲಿ ಎಂದರಂತೆ. ಮ್ಯಾನೇಜರ್ ನನ್ನನ್ನು ಕರೆಸಿ ಚಹಾ ತರಿಸಿದರು.

"ನಮ್ಮ ಕಂಪನಿಯ ಸೇಫ್ಟಿ ಬಗ್ಗೆ ಅವ್ರು ಬಹಳ ಮೆಚ್ಕೊಂಡ್ರು ಮೇಡಂ. ಆಚಾರಿನ ವಾಪಸ್ ಕರೆಸ್ತೀನಿ. ಅವನು ಯಾಕೋ ಹಿಂದೆ ಮುಂದೆ ನೋಡ್ತಿದಾನೆ. ನೀವೊಂದು ಮಾತು ಹೇಳಿ, ನಿಮ್ಮ ಮಾತು ಕೇಳ್ತಾನೆ."

ಕಂಪನಿಯ ಬಸ್ಸಿನಲ್ಲಿ ಜೆಬೆಲ್ ಅಲಿಗೆ ಹೋದೆ. ಊಟದ ಬಿಡುವು. ಗೋದಾಮಿನ ಹಿಂದಿನ ನೆರಳಲ್ಲಿ ಆಚಾರ್ರು ಕ್ರೇಟಿನ ಮೇಲೆ ಕೂತಿದ್ದರು, ಕೈತುಂಬ ಪೈನ್ ಮರದ ಹೊಟ್ಟು. ನನ್ನನ್ನು ಕಂಡು ಎದ್ದು, ಕೂರಲು ಇನ್ನೊಂದು ಕ್ರೇಟು ಎಳೆದರು. ನಾನು ಬಂದ ವಿಷಯ ಹೇಳಿದೆ. ಬನ್ನಿ ಎಂದು ಕರೆಯಲಿಲ್ಲ, ಕರೆಯಲು ನನ್ನನ್ನು ಕಳಿಸಿದ್ದಾರೆ ಎಂದಷ್ಟೇ ಹೇಳಿದೆ.

ಅವರು ತುಸು ಹೊತ್ತು ಹೊಟ್ಟು ಕೊಡವಿಕೊಂಡರು.

"ಬೇಡ ಮೇಡಂ. ಇಲ್ಲಿ ಸೆಕೆ ಉಂಟು, ಕೆಲಸವೂ ಒರಟು. ಆದ್ರೂ ಇಲ್ಲೇ ಆಗ್ತದೆ."

"ಇನ್ನು ಮುಂದೆ ನೀವೇ ಕಣ್ಣಲ್ಲಿ ನೋಡದೆ ಒಂದು ರೈಫಲ್ ಮೇಜಿಗೆ ಬರುವುದಿಲ್ಲ. ಅಷ್ಟು ನಾನು ಮಾಡಬಲ್ಲೆ."

"ನೀವು ಮಾಡ್ತೀರಿ, ನನಗೆ ಗೊತ್ತುಂಟು. ನಾನು ಗುಂಡಿಗೆ ಹೆದರುದಲ್ಲ ಮೇಡಂ. ಅದು ಇದ್ರೆ ನಿಮ್ಮ ಕಣ್ಣಿಗೆ ಕಾಣ್ತದೆ, ತೆಗೀತೀರಿ. ಫೋನಲ್ಲಿ ನಮ್ಮ ಮ್ಯಾನೇಜರ್ ಸಾರು ನನ್ನ ಹೆಸರು ಹೇಳಿದ್ರಲ್ಲ, ಎಷ್ಟು ಬೇಗ ಹೇಳಿದ್ರು. ಒಂದು ಸಲ ಯೋಚನೆ ಕೂಡ ಮಾಡ್ಲಿಲ್ಲ. ಅದನ್ನು ಎಲ್ಲಿಂದ ತೆಗೆಯುದು?"

ಬಿಡುವು ಮುಗಿದ ಗಂಟೆ ಹೊಡೆಯಿತು. ಅವರು ಮೊಳೆಯ ಚೀಲ ಸೊಂಟಕ್ಕೆ ಕಟ್ಟಿಕೊಂಡು, "ಮಗಳನ್ನು ಕೇಳಿದೆ ಅಂತ ಹೇಳಿ," ಎಂದು ಒಳಗೆ ಹೋದರು.

ಮರುದಿನ ಮ್ಯಾನೇಜರ್ ಕೇಳಿದರು, "ಏನಂದ?"

"ಬರುವುದಿಲ್ಲ ಅಂದರು."

"ಯಾಕಂತೆ? ಅವನಿಗೇನು ಕಷ್ಟ?"

"ಆ ದಿನ ನೀವು ಫೋನಿನಲ್ಲಿ ಹೇಳಿದ್ದನ್ನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದಾರೆ ಸರ್. ಪೂರ್ತಿ."

ಅವರ ಮುಖ ಒಮ್ಮೆ ಕೆಂಪಾಯಿತು. ಕಂಪ್ಯೂಟರಿನ ಕಡೆ ತಿರುಗಿ ಏನೋ ಒತ್ತಿದರು. "ಅಯ್ಯೋ, ಅದು ಸುಮ್ನೆ ಮಾತಿಗೆ ಹೇಳಿದ್ದು ಮೇಡಂ," ಎಂದರು. ಆಮೇಲೆ, ಯಜಮಾನರ ತಮ್ಮಂದಿರ ಕೆಲಸಕ್ಕೆ ಬೇರೆ ಯಾರನ್ನು ಕಳಿಸೋಣ ಎಂದು ಕೇಳಿದರು.